ಗಾಳಿಗೆ ನಾನೇ ಇನ್‌ಚಾರ್ಜ್

ಮಾನ ಹೋಗಬೇಕಾದರೆ ಬೇರೆಯವರಿಗೆ ಏನಾದರೂ ಒಂದು ಕಾರಣ ಬೇಕಾಗುತ್ತದೆ. ನನಗೆ ಶಾಲೆಗೆ ಹಾಜರಾದರೆ ಸಾಕು. ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಇಂಡಿಯನ್ ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸಿನ ಟೀಚರ್. ಪಾಠ ಮಾಡುವಾಗ ಆದ ಫಜೀತಿಗಳು ಎಷ್ಟೋ ಇವೆ. ಅವನ್ನು ಮಕ್ಕಳು ಮುಂದಿನ ಕ್ಲಾಸಿಗೆ ಹೋದ ಮೇಲೆ ಮರೆತುಬಿಡುತ್ತಾರೆ. ಆದರೆ ಕಳೆದ ವರ್ಷ ಶಾಲೆಯ ಗಾಳಿಯನ್ನು ನನ್ನ ಕೈಗೆ ಒಪ್ಪಿಸಿದ ಮೇಲೆ ನಡೆದದ್ದನ್ನು ಮರೆಯಲು ನಮ್ಮ ಸ್ಟಾಫ್ ರೂಮಿನವರು ಬಿಡುವುದಿಲ್ಲ. ಅವರು ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ನಾಚಿಕೆ ಸ್ವಲ್ಪ ಕಡಿಮೆಯಾದೀತು ಎಂಬ ಆಸೆ ನನ್ನದು. ಶಾಲೆಯಲ್ಲಿ ಮಾತೆಲ್ಲ ಹೆಚ್ಚಾಗಿ ಇಂಗ್ಲಿಷು. ನಾನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ನಾಚಿಕೆಪಡುವುದಕ್ಕೆ ನನಗೆ ಅದೇ ಸಲೀಸು.

ಎತ್ತಿದ ಕೈ

ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ಶಾಲೆಯ ತುಂಬ ಕೆಮ್ಮು, ಜ್ವರ. ಸೋಮವಾರ ಒಂದು ಮಗು ಸೀನಿದರೆ ಗುರುವಾರಕ್ಕೆ ಅದರ ಸಾಲಿಗೆ ಸಾಲೇ ಖಾಲಿ. ಪ್ರಿನ್ಸಿಪಾಲ್ ಮೇಡಂ ಮೀಟಿಂಗ್ ಕರೆದರು. ಕೇರಳದವರಾದ ನಮ್ಮ ಶಾಲೆಯ ನರ್ಸ್ ಎದ್ದು ನಿಂತು ವಿಷಯ ಬಿಡಿಸಿ ಹೇಳಿದರು.

“ಬಿಸಿಲು, ಧೂಳು ಅಂತ ನಾವು ವರ್ಷವಿಡೀ ಕಿಟಕಿ ಮುಚ್ಚಿಡುತ್ತೇವೆ. ಎಸಿ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಂಪು ಮಾಡಿ ವಾಪಸ್ ಕೊಡುತ್ತದೆ. ಒಂದು ಮಗು ಕೆಮ್ಮಿದ್ದನ್ನು ಉಳಿದ ಮಕ್ಕಳು ಮನೆಗೆ ಹೋಗುವವರೆಗೆ ಉಸಿರಾಡುತ್ತಾ ಕೂತಿರುತ್ತಾರೆ. ಒಂದೋ ಹೊರಗಿನ ಗಾಳಿ ಒಳಗೆ ಬರಬೇಕು, ಇಲ್ಲವೇ ಒಳಗಿನ ಗಾಳಿಯನ್ನು ಸೋಸಬೇಕು. ಬೇರೆ ದಾರಿ ಇಲ್ಲ.”

ಈ ಮಾತು ನಡೆಯುವಾಗ ನಾನು ಎಸಿಯ ನೇರ ಕೆಳಗೆ ಕೂತು ನಡುಗುತ್ತಿದ್ದೆ. ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಲು ಕೈ ಎತ್ತಿದೆ. ಅದೇ ಗಳಿಗೆಯಲ್ಲಿ ಪ್ರಿನ್ಸಿಪಾಲ್, “ಹಾಗಾದರೆ ಪ್ರೈಮರಿ ವಿಭಾಗದ ಗಾಳಿಯ ಜವಾಬ್ದಾರಿ ಯಾರು ವಹಿಸಿಕೊಳ್ಳುತ್ತೀರಿ?” ಎಂದು ಕೇಳಿದರು. ಸಭೆಯಲ್ಲಿ ಎತ್ತಿದ್ದ ಕೈ ನನ್ನದೊಂದೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಚಪ್ಪಾಳೆಯಲ್ಲಿ ತಾವು ಬಚಾವಾದ ಸಂತೋಷವೇ ಹೆಚ್ಚಿತ್ತು. ಚಳಿಗೆ ಎತ್ತಿದ ಕೈ ಅಂತ ಹೇಳಲು ನನಗೆ ಧೈರ್ಯ ಬರಲಿಲ್ಲ.

ಮರುದಿನವೇ ನನಗೊಂದು ಬ್ಯಾಡ್ಜ್ ಬಂತು: ‘ಕ್ಲೀನ್ ಏರ್ ಇನ್‌ಚಾರ್ಜ್’. ಗೀರು ಬೀಳದಿರಲಿ ಎಂದು ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಒಳ್ಳೆಯ ವಸ್ತು ಹಾಳಾಗಬಾರದಲ್ಲ, ನಾನು ಅದನ್ನು ಹಾಗೇ ಉಳಿಸಿಕೊಂಡು ಸೆರಗಿಗೆ ಚುಚ್ಚಿಕೊಂಡೆ.

ಆ ವಾರದ ಪೋಷಕರ ಸಭೆಯಲ್ಲಿ ಬ್ಯಾಡ್ಜನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಓದಿದವರು ಒಬ್ಬ ತಾಯಿ. ಪುತ್ತೂರು ಕಡೆಯ ಬ್ಯಾರಿ ಹೆಂಗಸು, ಮನೆ ದೋಹಾದ ಬಿನ್ ಒಮ್ರಾನ್‌ನಲ್ಲಿ. ಅವರ ಮಗಳು ನನ್ನ ಕ್ಲಾಸಿನಲ್ಲಿ ಕೊನೆಯ ಸಾಲಿನ ಕಿಟಕಿ ಪಕ್ಕ ಕೂರುವ ಸಣ್ಣ ಜೀವ. ಹಿಂದಿನ ವರ್ಷ ಆ ಮಗುವಿಗೆ ನ್ಯುಮೋನಿಯಾ ಆಗಿ ಶಾಲೆಗಿಂತ ಆಸ್ಪತ್ರೆಯಲ್ಲೇ ಹೆಚ್ಚು ಇತ್ತು.

“ಟೀಚರೇ, ಈ ವರ್ಷವೂ ಹಾಗೇ ಆದ್ರೆ ನನ್ನನ್ನೂ ಇವಳನ್ನೂ ಊರಿಗೆ ಕಳಿಸ್ತೇನೆ ಅಂತ ಇವರು ಹೇಳಿ ಆಗಿದೆ,” ಎಂದರು ಆ ತಾಯಿ. “ಫ್ಲ್ಯಾಟ್ ಖಲಾಸ್. ಇವರು ಬ್ಯಾಚುಲರ್ ರೂಮಿಗೆ ಹೋಗ್ತಾರಂತೆ. ಇವಳಿಗೆ ಅಪ್ಪನನ್ನು ಬಿಟ್ಟು ಒಂದು ಹೊತ್ತು ಊಟ ಸೇರುವುದಿಲ್ಲ. ನೀವು ಸ್ವಲ್ಪ ನೋಡ್ಕೊಳ್ಳಿ ಆಯ್ತಾ?”

“ಹೆದರಬೇಡಿ,” ಎಂದೆ ನಾನು, ಬ್ಯಾಡ್ಜ್ ಕಾಣುವ ಹಾಗೆ ಸ್ವಲ್ಪ ಈಚೆಗೆ ತಿರುಗಿ. “ಇವಳು ಉಸಿರಾಡುವ ಗಾಳಿ ಇನ್ನು ನನ್ನ ಜವಾಬ್ದಾರಿ.”

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ನನ್ನ ಗಂಡ ಪೇಪರಿನಿಂದ ತಲೆ ಎತ್ತಲೇ ಇಲ್ಲ. “ಇಷ್ಟು ವರ್ಷವಾಯ್ತು, ನಮ್ಮ ಹಾಲಿನ ಫ್ಯಾನಿಗೆ ಯಾವ ಸ್ವಿಚ್ ಅಂತ ನಿನಗೆ ಗೊತ್ತಿಲ್ಲ. ಶಾಲೆಯ ಗಾಳಿ ನಿನ್ನದಾ ಮಾರಾಯ್ತಿ?”

ಮೊಣಕೈ

ಮೊದಲ ಕೆಲಸವಾಗಿ ಸೀನುವ ಪಾಠ ಹಿಡಿದೆ. ಅಂಗೈಗೆ ಸೀನಿದರೆ ಅದೇ ಕೈ ಪೆನ್ಸಿಲ್ಲಿಗೆ, ಪೆನ್ಸಿಲ್ ಪಕ್ಕದವರಿಗೆ. ಗಾಳಿಗೇ ಸೀನಿದರೆ ಇಡೀ ಕ್ಲಾಸಿಗೆ. ಆದ್ದರಿಂದ ಮೊಣಕೈ ಮಡಿಸಿ ಅದರೊಳಗೆ ಸೀನಬೇಕು. ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಅಭಿನಯಿಸಿ ತೋರಿಸಿದೆ. ಯಾರಾದರೂ ಮರೆತರೆ ಸುತ್ತ ಇದ್ದವರು “ಎಲ್ಬೋ!” ಎಂದು ಜ್ಞಾಪಿಸಬೇಕು, ಸೀನಿದವರು ದೊಡ್ಡವರಾದರೂ ಬಿಡಬಾರದು ಎಂದು ಕಲಿಸಿದೆ. ಆ ಕೊನೆಯ ಮಾತನ್ನು ನಾನು ಸೇರಿಸಬಾರದಿತ್ತು.

ವಾರದ ಅಸೆಂಬ್ಲಿಯಲ್ಲಿ ಈ ವಿಷಯವಾಗಿಯೇ ನನ್ನ ಭಾಷಣ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಬರೆದುಕೊಂಡ ಹಾಳೆ. “ನಮ್ಮ ಒಂದು ಸೀನು ಎಷ್ಟು ದೂರ ಹೋಗುತ್ತದೆ ಗೊತ್ತೇ ಮಕ್ಕಳೇ?” ಎಂದು ಕೇಳಿ ಉತ್ತರಕ್ಕಾಗಿ ಸ್ವಲ್ಪ ನಿಂತೆ. ಅಷ್ಟರಲ್ಲಿ ಮೂಗು ಸುರಸುರ ಎಂದಿತು. ಯಾವ ಕೈ ಬಿಡುವುದು, ಯಾವ ಮೊಣಕೈ ಮಡಿಸುವುದು ಎಂದು ಯೋಚಿಸುವುದರೊಳಗೆ ನೇರ ಮೈಕಿಗೇ ಸೀನಿಬಿಟ್ಟೆ. ನಾಲ್ಕು ಮೂಲೆಯ ಸ್ಪೀಕರುಗಳಿಂದಲೂ ನನ್ನ ಸೀನು ಹೊರಬಿತ್ತು. ಸಾಲಿನಲ್ಲಿ ನಿಂತ ಎಲ್‌ಕೆಜಿ ಮಕ್ಕಳಲ್ಲಿ ಇಬ್ಬರು ಅತ್ತರು. ಉಳಿದ ಅಷ್ಟೂ ಮಕ್ಕಳು ಒಂದೇ ಸ್ವರದಲ್ಲಿ, ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಕೂಗಿದರು: “ಎಲ್ಬೋ, ಮ್ಯಾಮ್!”

ಪ್ರಿನ್ಸಿಪಾಲ್ ನೆಲ ನೋಡುತ್ತಿದ್ದರು. ನರ್ಸ್ ತಮ್ಮ ಮೊಣಕೈಯೊಳಗೆ ಮುಖ ಹುದುಗಿಸಿದ್ದರು, ಅದು ಸೀನಲ್ಲ ಎಂದು ಅವರ ಭುಜ ಕುಲುಕುವುದರಿಂದಲೇ ತಿಳಿಯುತ್ತಿತ್ತು.

ಸಂಜೆ ಶಾಲೆಯ ರಸ್ತೆಯಾಚೆ ಇರುವ ಕಿರಾಣಿ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆಂದು ಹೋದೆ. ಉಳ್ಳಾಲದ ಕಡೆಯ ಅಂಗಡಿಯವರು ಸೊಪ್ಪಿನ ಜೊತೆ ಒಂದು ತುಂಡು ಶುಂಠಿಯನ್ನೂ ಚೀಲಕ್ಕೆ ಹಾಕಿದರು. “ಶುಂಠಿ ಬೇಡ” ಎಂದೆ. “ಇರ್ಲಿ ಟೀಚರೇ, ಬೆಳಿಗ್ಗೆ ನಮಗೆ ಇಲ್ಲಿಗೇ ಕೇಳಿತು,” ಎಂದರು.

ಮರುಭೂಮಿ ಪಾಠ

ಮಾತು ಸಾಕು, ಹೊರಗಿನ ಗಾಳಿಯನ್ನೇ ಒಳಗೆ ತರೋಣ ಎಂದುಕೊಂಡೆ. ಚಳಿಗಾಲ ಶುರುವಾಗಿತ್ತು, ದೋಹಾದಲ್ಲಿ ಮನುಷ್ಯರು ಕಿಟಕಿ ತೆರೆಯಬಹುದಾದ ಕಾಲ. ಪ್ರೈಮರಿಯ ಎಲ್ಲ ಕ್ಲಾಸುಗಳಲ್ಲೂ ಊಟದ ಬಿಡುವಿನಲ್ಲಿ ಕಿಟಕಿಗಳನ್ನು ಪೂರ್ತಿ ತೆರೆದಿಡಬೇಕು ಎಂದು ಸುತ್ತೋಲೆ ಕಳಿಸಿದೆ. ಎಷ್ಟೋ ವರ್ಷದಿಂದ ಅಲುಗದ ಜಾರು ಕಿಟಕಿಗಳನ್ನು ಟೀಚರುಗಳು ಸ್ಕೇಲು ಹಾಕಿ, ಭುಜ ಕೊಟ್ಟು ತೆರೆದರು. ಆ ದಿನ ಧೂಳುಗಾಳಿ ಬೀಸಲಿದೆ ಎಂದು ಎಲ್ಲರ ಫೋನಿಗೂ ಬೆಳಿಗ್ಗೆಯೇ ಸೂಚನೆ ಬಂದಿತ್ತಂತೆ. ನನ್ನ ಫೋನಿಗೂ ಬಂದಿತ್ತು. ಸುತ್ತೋಲೆ ಬರೆಯುವ ಸಂಭ್ರಮದಲ್ಲಿ ನಾನು ನೋಡಿರಲಿಲ್ಲ.

ನೋಡಿದವರಾದರೂ ಹೇಳಬಾರದಿತ್ತೇ ಎಂದು ಆಮೇಲೆ ಕೇಳಿದೆ. “ನೀವು ಇನ್‌ಚಾರ್ಜ್ ಅಲ್ವಾ, ಏನೋ ಲೆಕ್ಕ ಇರ್ತದೆ ಅಂದ್ಕೊಂಡೆವು” ಎಂದರು.

ಮಕ್ಕಳು ಟಿಫಿನ್ ಬಾಕ್ಸ್ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಾಗ ಗಾಳಿ ಬಂತು. ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ತೆರೆಯಲು ಅಷ್ಟು ಕಷ್ಟಪಟ್ಟ ಕಿಟಕಿಗಳು ಮುಚ್ಚಲು ಅದಕ್ಕಿಂತ ಕಷ್ಟ ಕೊಟ್ಟವು. ನೀರುದೋಸೆ, ಪರೋಟ, ಇಡ್ಲಿ ಎಲ್ಲದರ ಮೇಲೂ ಒಂದೇ ತೆರನಾದ ನಸುಗೆಂಪು ಪುಡಿ. ನಾನು ಓಡಿದ್ದು ಹಿಂದಿನ ಸಾಲಿಗೆ. ಆ ಹುಡುಗಿಯ ಮೂಗು ಬಾಯಿಗೆ ನನ್ನ ಸೆರಗೇ ಹಿಡಿದು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಹೋದೆ. ಅವಳನ್ನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟವಳು ಇಡೀ ಮರುಭೂಮಿಯನ್ನೇ ಅವಳ ಮೇಲೆ ಕರೆಸಿದ್ದೆ. ಅವಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಉಳಿದ ಮಕ್ಕಳಂತೂ ಡೆಸ್ಕಿನ ಧೂಳಿನಲ್ಲಿ ಹೆಸರು ಬರೆದುಕೊಂಡು ಆ ವರ್ಷದ ಅತ್ಯಂತ ಖುಷಿಯ ದಿನ ಕಳೆದರು.

ಮನೆಗೆ ಹೋಗಿ ಅವರು ಏನು ಹೇಳಿದರೋ ಗೊತ್ತಿಲ್ಲ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ವಿನಯವಾಗಿ ಬರೆದಿದ್ದರು: “ಮರುಭೂಮಿಯ ಪಾಠವನ್ನು ಪ್ರಾಯೋಗಿಕವಾಗಿ ಮಾಡಿಸಿದ್ದಕ್ಕೆ ಧನ್ಯವಾದ. ಸಮುದ್ರದ ಪಾಠ ಯಾವತ್ತು ಅಂತ ಮೊದಲೇ ತಿಳಿಸಿದರೆ ಟವೆಲ್ ಕಳಿಸುತ್ತೇವೆ.”

ಗೇಟಿನ ಜ್ವರ

ಇಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಜಾಸ್ತಿ. ಮಗುವಿಗೆ ಜ್ವರ ಬಂದರೆ ನೋಡಿಕೊಳ್ಳಲು ಅಜ್ಜಿ ಇಲ್ಲ, ಅತ್ತೆ ಇಲ್ಲ. ಬೆಳಿಗ್ಗೆ ಒಂದು ಮಾತ್ರೆ ನುಂಗಿಸಿ ಶಾಲೆಗೆ ಬಿಟ್ಟುಹೋಗುತ್ತಾರೆ. ಮಾತ್ರೆಯ ಪ್ರಭಾವ ಇಳಿಯುವಾಗ ಮೂರನೇ ಪೀರಿಯಡ್, ಮಗು ಡೆಸ್ಕಿನ ಮೇಲೆ ತಲೆಯಿಟ್ಟಿರುತ್ತದೆ, ಅಷ್ಟರಲ್ಲಿ ನಾಲ್ಕು ಮಂದಿಗೆ ಹಂಚಿಯೂ ಆಗಿರುತ್ತದೆ. ಇದನ್ನು ನಿಲ್ಲಿಸಲೇಬೇಕೆಂದು ಹಣೆಗೆ ಹಿಡಿಯುವ ಥರ್ಮಾಮೀಟರ್ ಹಿಡಿದು ಗೇಟಿನಲ್ಲಿ ನಾನೇ ನಿಂತೆ.

ಒಬ್ಬರು ತಂದೆ ಕುಂದಾಪುರದವರು, ಆಫೀಸಿಗೆ ತಡವಾದ ಮುಖ. ಅವರ ಮಗಳ ಕೆನ್ನೆ ಕೆಂಪಗಿತ್ತು. ಹಣೆಗೆ ಹಿಡಿದರೆ ಜ್ವರ ಎಂದು ಥರ್ಮಾಮೀಟರ್ ಕೀಂ ಎಂದಿತು.

“ಎಂತದೂ ಇಲ್ಲ ಟೀಚರೇ, ಎಸಿಯ ಶೀತ ಅಷ್ಟೇ. ಮಾತ್ರೆ ಕೊಟ್ಟಾಗಿದೆ,” ಎಂದರು ಅವರು.

ನನಗೆ ಬೇಕಾಗಿದ್ದುದೇ ಇಂಥ ಒಂದು ಅವಕಾಶ. ಹಿಂದೆ ಸಾಲುಗಟ್ಟಿದ ಪೋಷಕರಿಗೂ ಕೇಳುವ ಹಾಗೆ ಸ್ವರ ಏರಿಸಿದೆ. “ನೋಡಿ, ನಿಮ್ಮ ಮಗಳಿಗೆ ಇದು ಎರಡು ದಿನದ ಜ್ವರ. ನನ್ನ ಕ್ಲಾಸಿನಲ್ಲಿ ಒಂದು ಮಗು ಇದೆ, ಅದಕ್ಕೆ ತಗುಲಿದರೆ ಆಸ್ಪತ್ರೆಯೇ ಗತಿ. ಮೈ ಹುಷಾರಿಲ್ಲದವರು ಮನೆಯಲ್ಲಿರಬೇಕು. ಮಾತ್ರೆ ನುಂಗಿ ಬಂದು ಎಲ್ಲರಿಗೂ ಹರಡುವುದು ಸ್ವಾರ್ಥ!”

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. “ಟೀಚರೇ, ನಿಮ್ಮ ಕಣ್ಣು ಕೆಂಪಾಗಿದೆ. ಸ್ವರವೂ ಕಟ್ಟಿದೆ. ಅದನ್ನೊಮ್ಮೆ ನಿಮಗೂ ಹಿಡ್ಕೊಳ್ಳಿ ನೋಡುವ.”

ಅಷ್ಟು ಜನರ ಮುಂದೆ ಬೇಡ ಎನ್ನುವ ಹಾಗಿರಲಿಲ್ಲ. ಹಿಡಿದುಕೊಂಡೆ. ಥರ್ಮಾಮೀಟರ್ ಆ ಮಗುವಿಗೆ ಕೂಗಿದ್ದಕ್ಕಿಂತಲೂ ಜೋರಾಗಿ ಕೀಂ ಎಂದಿತು. ನಿಜ ಹೇಳಬೇಕೆಂದರೆ ನನಗೆ ಹಿಂದಿನ ರಾತ್ರಿಯಿಂದಲೇ ಮೈ ಬಿಸಿಯಿತ್ತು, ಬೆಳಿಗ್ಗೆ ನಾನೂ ಒಂದು ಮಾತ್ರೆ ನುಂಗಿಯೇ ಬಂದಿದ್ದೆ. ಗೇಟಿನಲ್ಲಿ ನಿಲ್ಲಬೇಕಲ್ಲ, ಜವಾಬ್ದಾರಿ! ಗೇಟಿನ ಕೆಲಸ ಮುಗಿಸಿ ನೇರ ಕ್ಲಾಸಿಗೆ ಹೋಗುವವಳಿದ್ದೆ. ಆ ಸಣ್ಣ ಹುಡುಗಿಯ ಪಕ್ಕ ಬಗ್ಗಿ ನಿಂತು ಅವಳ ಲೆಕ್ಕ ತಿದ್ದುವವಳಿದ್ದೆ. ಅದು ನೆನಪಾದಾಗ ಜ್ವರದ ಬಿಸಿ ಯಾವುದು, ನಾಚಿಕೆಯ ಬಿಸಿ ಯಾವುದು ಎಂದು ನನಗೇ ತಿಳಿಯಲಿಲ್ಲ.

ಆ ತಂದೆ ಒಳ್ಳೆಯ ಮನುಷ್ಯ. ಒಂದು ಕೊಂಕು ಮಾತಾಡದೆ ಎರಡು ಮಾಸ್ಕ್ ತೆಗೆದರು, ಒಂದು ಮಗಳಿಗೆ, ಒಂದು ನನಗೆ. “ಯಲ್ಲಾ, ಹೊರಡುವ, ಇಬ್ಬರೂ ಕಾರು ಹತ್ತಿ,” ಎಂದರು. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ ಮೊದಲು ನನ್ನನ್ನು ಮನೆಗೆ ಬಿಟ್ಟರು. ಅವರ ಮಗಳು ನಾನು ಇಳಿಯುವಾಗ ಮಾಸ್ಕಿನೊಳಗಿಂದ ಕೇಳಿದಳು: “ಮ್ಯಾಮ್, ರಜಾ ಚೀಟಿ ನಿಮ್ಮ ಅಪ್ಪನೂ ಬರೀಬೇಕಾ?”

ಮಿಷನ್ ಬಂತು

ಧೂಳಿನ ದಿನದಿಂದ ಕಿಟಕಿ ಎಂದರೆ ಎಲ್ಲರಿಗೂ ಹೆದರಿಕೆ. ಕ್ಲಾಸುಗಳೆಲ್ಲ ಮೊದಲಿನ ಹಾಗೆ ಬಿಗಿಯಾಗಿ ಮುಚ್ಚಿಕೊಂಡವು. ಗಾಳಿ ಸೋಸುವ ಮಿಷನ್ ಒಂದನ್ನು ತರಿಸಿ, ಮೊದಲು ಒಂದು ಕ್ಲಾಸಿನಲ್ಲಿ ಪರೀಕ್ಷೆ ಮಾಡೋಣ ಎಂದು ಪ್ರಿನ್ಸಿಪಾಲ್ ಹೇಳಿದರು. ಕೊನೆಯ ಸಾಲಿನ ಹುಡುಗಿಯ ಕಥೆ ಹೇಳಿ ಅದನ್ನು ನನ್ನ ಕ್ಲಾಸಿಗೇ ಹಾಕಿಸಿಕೊಂಡೆ.

ಇಲ್ಲಿ ನಮ್ಮ ಜನರ ಒಂದು ಪದ್ಧತಿಯನ್ನು ಹೇಳಬೇಕು. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರು ಹೊಸ ಸಾಮಾನಿನ ಪ್ಲಾಸ್ಟಿಕ್ ತೆಗೆಯುವುದಿಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಊರಿಗೆ ಹೋಗಬೇಕಾದ ಸಾಮಾನು. ಅಲ್ಲಿ ಇಳಿಸುವಾಗ ಹೊಸದರ ಹಾಗೆ ಕಾಣಬೇಕು. ನಮ್ಮ ಮನೆಯ ಟಿವಿ ರಿಮೋಟ್ ಇವತ್ತಿಗೂ ಪ್ಲಾಸ್ಟಿಕ್ಕಿನೊಳಗಿದೆ, ಅಕ್ಷರ ಕಾಣದ ಕಾರಣ ಅಂದಾಜಿನ ಮೇಲೆ ಒತ್ತುತ್ತೇವೆ. ಸೋಫಾದ ಕವರ್ ತೆಗೆದಿಲ್ಲ, ಬೇಸಿಗೆಯಲ್ಲಿ ಕೂತ ನೆಂಟರು ಎದ್ದರೆ ಜೊತೆಗೆ ಕವರೂ ಏಳುತ್ತದೆ. ನನ್ನ ನಾದಿನಿಯ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆ ಹಳದಿಯಾಗಿ, ಈಗ ಅದು ಹಳದಿ ಫ್ರಿಜ್ ಎಂದೇ ಹೆಸರಾಗಿದೆ.

ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ಮಿಷನ್ನನ್ನು ಹೇಗೆ ನೋಡಿಕೊಂಡಿರಬೇಡ! ರಟ್ಟಿನ ಪೆಟ್ಟಿಗೆಯಿಂದ ಎತ್ತಿ, ಪ್ಲಗ್ ಹಾಕಿ, ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು, ಉಸ್ಸೆಂದು ಗಾಳಿ ಬಂತು. ಮುಂಭಾಗದ ಸ್ಟಿಕ್ಕರನ್ನು ಉಗುರಿನಿಂದ ಕೀಳಲು ಬಂದವರ ಕೈಗೆ ಏಟು ಕೊಟ್ಟೆ. ಅದನ್ನು ಬಳಸುವುದು ಹೇಗೆಂದು ತಿಳಿಸುವ ಪುಸ್ತಕವೂ ಚೊಕ್ಕವಾಗಿ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದನ್ನು ಬಿಚ್ಚದೆ ಹಾಗೇ ಕಪಾಟಿನಲ್ಲಿ ಜೋಪಾನ ಮಾಡಿದೆ.

ಇನ್ನು ಕಿಟಕಿ ತೆರೆಯುವ ಮಾತೇ ಇಲ್ಲ ಎಂದು ಸಾರಿದೆ. ಆದರೆ ಹಿಂದಿನ ಕಿಟಕಿ ಮಾತ್ರ ನನ್ನ ಮಾತು ಕೇಳಲಿಲ್ಲ. ಪೀರಿಯಡ್ ಶುರುವಾಗುವಾಗ ಮುಚ್ಚುತ್ತಿದ್ದೆ. ಬೋರ್ಡಿನ ಮೇಲೆ ಬರೆದು ತಿರುಗಿದರೆ ಒಂದು ಗೇಣು ತೆರೆದಿರುತ್ತಿತ್ತು. “ಯಾರು ತೆಗೆದದ್ದು?” ಎಂದರೆ ಇಡೀ ಕ್ಲಾಸು ಪುಸ್ತಕದೊಳಗೆ ತಲೆ ಹಾಕುತ್ತಿತ್ತು. ಟೇಪ್ ಅಂಟಿಸಿದೆ. ಮರುದಿನ ಟೇಪ್ ಇಲ್ಲ. ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಒಂದು ಬೂದು ಬಣ್ಣದ ಬೀದಿ ಬೆಕ್ಕು ಯಾವಾಗಲೂ ಕೂತಿರುವುದನ್ನು ನೋಡಿದೆ. ಸರಿ, ಕಳ್ಳ ಸಿಕ್ಕಿದ! ರಿಪೇರಿಯವರನ್ನು ಕರೆಸಿ, “ಈ ಬೆಕ್ಕು ಪಂಜದಿಂದ ಕಿಟಕಿ ಜಾರಿಸುತ್ತಿದೆ” ಎಂದು ದೂರು ಕೊಟ್ಟೆ. ಅವರು ಬೆಕ್ಕನ್ನು ನೋಡಿದರು, ಭಾರವಾದ ಕಿಟಕಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ, “ಮೇಡಂ, ಜ್ವರ ಪೂರ್ತಿ ಇಳಿದಿದೆಯಾ?” ಎಂದರು.

ಓಪನ್ ಹೌಸ್

ವರ್ಷದ ಕೊನೆಗೆ ಹಾಜರಿ ನೋಡಿದರೆ ಇಡೀ ಪ್ರೈಮರಿಯಲ್ಲಿ ಕಡಿಮೆ ಕಾಯಿಲೆ ಬಿದ್ದದ್ದು ನನ್ನ ಕ್ಲಾಸಿನ ಮಕ್ಕಳು. ಕೊನೆಯ ಸಾಲಿನ ಹುಡುಗಿಗೆ ಎರಡು ಸಲ ಮೂಗು ಸೋರಿತು, ಅಷ್ಟೇ. ನನ್ನ ಹಿಗ್ಗಿಗೆ ಮಿತಿಯೇ ಇರಲಿಲ್ಲ. ಓಪನ್ ಹೌಸಿನ ದಿನ ಪ್ರಿನ್ಸಿಪಾಲ್ ಎಲ್ಲ ಟೀಚರುಗಳನ್ನೂ ನರ್ಸನ್ನೂ ನನ್ನ ಕ್ಲಾಸಿಗೇ ಕರೆತಂದರು. ಪೋಷಕರು ಗೋಡೆಯುದ್ದಕ್ಕೂ ನಿಂತಿದ್ದರು. ಬಿನ್ ಒಮ್ರಾನ್‌ನ ತಾಯಿ ಮುಂದೆಯೇ ಇದ್ದರು, ಕುಂದಾಪುರದ ತಂದೆಯೂ ಇದ್ದರು.

ನಾನು ಬ್ಯಾಡ್ಜ್ ಸರಿಮಾಡಿಕೊಂಡು ಭಾಷಣ ಮಾಡಿದೆ. “ಈ ಮಿಷನ್ ಇರುವಲ್ಲಿ ರೋಗಕ್ಕೆ ಜಾಗವಿಲ್ಲ. ಒಳಗಿನ ಫಿಲ್ಟರ್ ಇಷ್ಟು ತಿಂಗಳ ಗಾಳಿಯನ್ನು ಸೋಸಿದೆ. ಅದೆಷ್ಟು ಕೊಳೆ ಹಿಡಿದಿದೆ ಅಂತ ನಾವೇ ನೋಡೋಣ” ಎಂದು ಎಲ್ಲರ ಮುಂದೆ ಮೊದಲ ಬಾರಿಗೆ ಅದರ ಬಾಗಿಲು ತೆಗೆದೆ.

ಫಿಲ್ಟರ್ ಹಾಲಿನಷ್ಟು ಬೆಳ್ಳಗಿತ್ತು. ನನಗೂ ಒಂದು ಕ್ಷಣ ಆಶ್ಚರ್ಯವೇ. ಆದರೆ ಭಾಷಣದ ಭರದಲ್ಲಿ ನಾಲಿಗೆ ನಿಲ್ಲಲಿಲ್ಲ. “ನೋಡಿ! ನಮ್ಮ ಕ್ಲಾಸಿನ ಗಾಳಿ ಎಷ್ಟು ಶುದ್ಧ ಎಂದರೆ ಫಿಲ್ಟರಿಗೆ ಹಿಡಿಯಲು ಕೊಳೆಯೇ ಸಿಕ್ಕಿಲ್ಲ!”

ಕೆಲವರು ಚಪ್ಪಾಳೆ ತಟ್ಟಿಯೂ ಬಿಟ್ಟರು. ನರ್ಸ್ ಮಾತ್ರ ಬಗ್ಗಿ, ಉಗುರಿನಿಂದ ಫಿಲ್ಟರನ್ನು ಮುಟ್ಟಿದರು. ಪರಪರ ಎಂಬ ಸದ್ದು ಬಂತು. ಅವರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಎಷ್ಟು ಮೆಲ್ಲಗೆ ಹೇಳಿದರೂ ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. “ಟೀಚರ್, ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇದೆ. ಒಂದು ಉಸಿರು ಗಾಳಿಯೂ ಇದರೊಳಗೆ ಹೋಗಿಲ್ಲ.”

ಯಾರೂ ನಗಲಿಲ್ಲ, ಪಾಪ. ಆಮೇಲೆ ಕುಂದಾಪುರದ ತಂದೆ ತುಂಬ ಕಾಳಜಿಯಿಂದ ಕೇಳಿದರು. “ಊರಿಗೆ ತಗೊಂಡ್ ಹೋಗ್ಲಿಕ್ಕಾ ಟೀಚರೇ?”

ಅಷ್ಟೇ. ಗೋಡೆಯುದ್ದಕ್ಕೂ ನಗು ಒಡೆಯಿತು. ನಗುತ್ತಿದ್ದವರಲ್ಲಿ ಅರ್ಧ ಜನರ ಮನೆಯ ರಿಮೋಟೂ ಚೀಲದಲ್ಲೇ ಇರುವುದು ನನಗೆ ಗೊತ್ತು, ಆದರೂ ಅದು ಆಗ ಸಹಾಯಕ್ಕೆ ಬರಲಿಲ್ಲ. ನಾನು ನೋಡಿದ್ದು ಆ ತಾಯಿಯ ಮುಖವನ್ನು. ಅವರು ನಗುತ್ತಿರಲಿಲ್ಲ. ಇಷ್ಟು ತಿಂಗಳು ಮಗಳನ್ನು ಯಾವ ಧೈರ್ಯದ ಮೇಲೆ ಇಲ್ಲಿ ಬಿಟ್ಟುಹೋಗುತ್ತಿದ್ದೆ ಎಂದು ಯೋಚಿಸುತ್ತಿದ್ದಂತಿತ್ತು. ನೆಲ ಬಿರಿದರೆ ಇಳಿದುಬಿಡುತ್ತಿದ್ದೆ.

“ಹಾಗಾದರೆ ಈ ಕ್ಲಾಸಿನ ಮಕ್ಕಳು ಹುಷಾರಾಗಿ ಉಳಿದದ್ದು ಹೇಗೆ?” ಎಂದು ಪ್ರಿನ್ಸಿಪಾಲ್ ಕೇಳಿದರು.

ಆಗ ಹಿಂದಿನಿಂದ “ಮ್ಯಾಂವ್” ಎಂದಿತು. ಬೂದು ಬೆಕ್ಕು ಮುಚ್ಚಿದ ಗಾಜಿಗೆ ಮೂಗು ಒತ್ತಿ ನಿಂತಿತ್ತು. ಕೊನೆಯ ಸಾಲಿನ ಹುಡುಗಿ ಒಮ್ಮೆ ಬೆಕ್ಕನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳ ಮುಷ್ಟಿಯಲ್ಲಿ ಏನೋ ಇತ್ತು. ಅಮ್ಮ ಬಿಡಿಸಿ ನೋಡಿದರೆ ಟಿಫಿನ್ನಿನ ಆಮ್ಲೆಟ್ ಚೂರು.

“ಸಾರಿ ಮ್ಯಾಮ್,” ಎಂದಳು, ಕಣ್ಣಲ್ಲಿ ನೀರು. “ಬೆಕ್ಕು ಕಿಟಕಿ ತೆಗೀಲಿಲ್ಲ, ನಾನೇ ತೆಗೆದದ್ದು. ನೀವು ಡೈಲಿ ಮುಚ್ತೀರಿ. ನೀವು ಬೋರ್ಡ್ ಕಡೆ ಟರ್ನ್ ಆದಾಗ ನಾನು ತೆಗೀತೇನೆ. ಇಲ್ಲದಿದ್ರೆ ಅದಕ್ಕೆ ಫುಡ್ ಇಲ್ಲ ಅಲ್ವಾ? ಟೇಪ್ ತೆಗೆದದ್ದೂ ನಾನೇ.”

“ದಿನಾಲೂ ತೆಗೀತಿದ್ದೆಯಾ?” ನರ್ಸ್ ಅವಳ ಮುಂದೆ ಮಂಡಿಯೂರಿದರು.

“ಹ್ಞಾಂ. ಎಲ್ಲ ಪೀರಿಯಡ್. ಅದು ಯಾವಾಗ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ನರ್ಸ್ ಎದ್ದು ಪ್ರಿನ್ಸಿಪಾಲರ ಕಡೆ ತಿರುಗಿದರು. “ಇದೇ ಇರಬೇಕು ಮೇಡಂ. ಇಡೀ ಶಾಲೆಯಲ್ಲಿ ಹೊರಗಿನ ಗಾಳಿ ದಿನವೂ ಒಳಗೆ ಬಂದದ್ದು ಈ ಕ್ಲಾಸಿಗೆ ಮಾತ್ರ.”

ಅಂದರೆ ಲೆಕ್ಕ ಹೀಗಾಯಿತು. ನಾನು ಕಾಪಾಡುತ್ತೇನೆಂದು ಮಾತು ಕೊಟ್ಟ ಹುಡುಗಿ ನನ್ನನ್ನೂ ಸೇರಿಸಿ ಎಲ್ಲರನ್ನೂ ಕಾಪಾಡಿದ್ದಳು. ಅವಳನ್ನು ಆಸ್ಪತ್ರೆಗೆ ಕಳಿಸಲು ನಾನೊಬ್ಬಳೇ ದಿನವೂ ಟೇಪ್ ಹಿಡಿದು ಶ್ರಮಿಸಿದ್ದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವಳು ಇನ್ನೂ ನನ್ನ ಬೈಗುಳಕ್ಕೆ ಕಾಯುತ್ತ ನಿಂತಿದ್ದಳು. ನಾನು ಆ ವರ್ಷ ಅವಳಿಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತು ಹೇಳಿದೆ. “ಕಿಟಕಿ ತೆಗಿ, ಪುಟ್ಟಿ.”

ದಿನವೂ ತೆಗೆದು ಮುಚ್ಚಿ ಸಡಿಲಗೊಂಡಿದ್ದ ಕಿಟಕಿಯನ್ನು ಅವಳು ಅಭ್ಯಾಸದ ಕೈಯಿಂದ ಸರ್ರನೆ ಜಾರಿಸಿದಳು. ಬೆಕ್ಕು ಒಳಗೆ ಇಣುಕಿ, ನನ್ನನ್ನು ಕಂಡು, ಆಮ್ಲೆಟ್ಟನ್ನೂ ಬಿಟ್ಟು ಕಟ್ಟೆಯಿಂದ ಹಾರಿ ಓಡಿತು.

ಎಲ್ಲರೂ ಮತ್ತೆ ನಕ್ಕರು, ಈ ಸಲ ಆ ತಾಯಿಯೂ. ನಾನು ಅವರ ಹತ್ತಿರ ಹೋಗಿ, “ನನ್ನನ್ನು ಕ್ಷಮಿಸಿ, ನಾನು ಏನೂ ಮಾಡಲಿಲ್ಲ” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. “ಹೇಗೂ ಆಗ್ಲಿ ಟೀಚರೇ, ಇವಳು ಹುಷಾರುಂಟಲ್ಲ. ಫ್ಲ್ಯಾಟ್ ಇನ್ನೊಂದು ವರ್ಷಕ್ಕೆ ಇರ್ಲಿ ಅಂತ ಇವರು ನಿನ್ನೆಯೇ ಹೇಳಿ ಬಂದಿದ್ದಾರೆ. ನಾವು ಎಲ್ಲಿಗೂ ಹೋಗುದಿಲ್ಲ.”

ನಾನು ಸೆರಗಿನಿಂದ ಬ್ಯಾಡ್ಜ್ ಬಿಚ್ಚಿ, ಎಲ್ಲರ ಮುಂದೆಯೇ ಆ ಹುಡುಗಿಯ ಯೂನಿಫಾರ್ಮಿಗೆ ಚುಚ್ಚಿದೆ. “ಇನ್ನು ಗಾಳಿಗೆ ನೀನೇ ಇನ್‌ಚಾರ್ಜ್,” ಎಂದೆ. ಜೋರು ಚಪ್ಪಾಳೆ. ಅವಳು ಗಲ್ಲವನ್ನು ಎದೆಗೆ ಒತ್ತಿ, ಕಣ್ಣು ಕಿರಿದು ಮಾಡಿ, ಬ್ಯಾಡ್ಜನ್ನು ಬಹಳ ಹೊತ್ತು ಪರೀಕ್ಷಿಸಿದಳು. ಆಮೇಲೆ ತಲೆ ಎತ್ತಿ, ಇಡೀ ಸಭೆಗೆ ಕೇಳುವ ಹಾಗೆ, ತುಂಬ ಮರ್ಯಾದೆಯಿಂದ ಕೇಳಿದಳು:

“ಮ್ಯಾಮ್, ಇದರ ಪ್ಲಾಸ್ಟಿಕ್ ತೆಗೀಬಹುದಾ?”